ಕರ್ಚೀಫು ಹಾಕಿಟ್ಟ ಜಾಗ

ಖಾಲಿ ಜಾಗ ಕಂಡರೆ ಲೋಕದವರಿಗೆಲ್ಲ ಕೂರಬೇಕೆನಿಸುತ್ತದೆ. ನನಗೆ ಮಾತ್ರ ಇದು ಯಾರದ್ದೋ ಏನೋ ಎಂಬ ಚಿಂತೆ ಹತ್ತುತ್ತದೆ. ಮದುವೆಮನೆಯ ಪಂಕ್ತಿಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಎಲ್ಲ ಕಡೆಯೂ ‘ಇಲ್ಲಿ ಯಾರಾದ್ರೂ ಇದ್ದಾರಾ?’ ಎಂದು ಕೇಳಿ, ಇಲ್ಲವೆಂದ ಮೇಲೂ ಅರ್ಧ ಕುರ್ಚಿಯಲ್ಲಿ ಕೂರುವವಳು ನಾನು. ಇದು ನನ್ನ ಸೌಜನ್ಯವೆಂದು ನಮ್ಮ ಯಜಮಾನರು ನಂಬಿದ್ದಾರೆ. ನಿಜ ಹೇಳಬೇಕೆಂದರೆ ಪುಕ್ಕಲುತನ. ನಾನು ಬೆಳೆದದ್ದು ಕಲಬುರಗಿ ಕಡೆಯ ಹಳ್ಳಿಯಲ್ಲಿ. ಅಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲೋ ಕರ್ಚೀಫೋ ಒಳಗೆಸೆದರೆ ಆ ಜಾಗ ಎಸೆದವರದ್ದು, ಅವರು ಹತ್ತಿ ಬರುವುದು ಎಷ್ಟೇ ತಡವಾಗಲಿ. ಚಿಕ್ಕವಳಿದ್ದಾಗ ಒಮ್ಮೆ ಯಾರದೋ ಟವೆಲ್ ಸರಿಸಿ ಕೂತುಬಿಟ್ಟಿದ್ದೆ. ಟವೆಲಿನ ಒಡತಿ ಬಂದು ಇಡೀ ಬಸ್ಸಿಗೆ ಕೇಳುವಂತೆ ನನ್ನ ಏಳು ತಲೆಮಾರನ್ನು ಹೆಸರು ಹಿಡಿದು ವಿಚಾರಿಸಿಕೊಂಡಳು. ಅಂದಿನಿಂದ ಬಟ್ಟೆ ಹಾಕಿಟ್ಟ ಜಾಗವೆಂದರೆ ಕೈಮುಗಿದು ದೂರ ನಿಲ್ಲುತ್ತೇನೆ. ಈ ಒಂದು ಗುಣ ನನ್ನನ್ನು ಕಾಲೇಜು ಬಿಡುವ ಹಂತಕ್ಕೆ ತಂದಿತು.

ಕಾಲೇಜು ಎಂದೆನಲ್ಲ, ಅದನ್ನು ಮೊದಲು ವಿವರಿಸಬೇಕು. ನನಗೀಗ ನಲವತ್ಮೂರು. ಹದಿನೆಂಟಕ್ಕೆ ಪಿಯುಸಿ ಮುಗಿಸಿ ಡಿಗ್ರಿಗೆ ಅರ್ಜಿ ತರಿಸಿದ್ದೆ. ಅದೇ ವಾರ ಗಂಡಿನ ಕಡೆಯವರು ಬಂದರು. ಅರ್ಜಿಯನ್ನು ತುಂಬಲು ಆಗಲೇ ಇಲ್ಲ. ಆಮೇಲೆ ಬೆಂಗಳೂರು, ಕಗ್ಗದಾಸಪುರದಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆ, ಮಹದೇವಪುರದ ಅಪಾರ್ಟ್‌ಮೆಂಟಿನಲ್ಲಿ ಪರರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೆಲಸ. ನನ್ನ ಮಗ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ, “ಅಮ್ಮಾ, ಈಗಾದ್ರೂ ಓದು” ಎಂದ. ಪುಲಿಕೇಶಿನಗರದ ಒಂದು ಕಾಲೇಜಿನಲ್ಲಿ ದುಡಿಯುವವರಿಗಾಗಿ ಬೆಳಿಗ್ಗೆ ಏಳರಿಂದ ಒಂಬತ್ತೂವರೆಯ ತನಕ ಬಿ.ಎ. ತರಗತಿ ನಡೆಯುತ್ತದೆಂದು ಅವನೇ ಪತ್ತೆ ಮಾಡಿದ. ಸೇರಿದೆ.

ಸೇರಿದ ಮೂರನೇ ದಿನ ಫೋನಿಗೆ ಸಂದೇಶ ಬಂತು. ಶನಿವಾರ ಓರಿಯೆಂಟೇಶನ್, ಪ್ರತಿ ವಿದ್ಯಾರ್ಥಿಯೂ ಪೋಷಕರೊಂದಿಗೆ ಬರತಕ್ಕದ್ದು. ನನ್ನ ಅಪ್ಪ ಅಮ್ಮ ತೀರಿಕೊಂಡಿದ್ದಾರೆ. ಯಜಮಾನರಿಗೆ ಡ್ಯೂಟಿ. ಮಗನನ್ನು ಪೋಷಕನೆಂದು ಕರೆದೊಯ್ಯಲು ನಾಚಿಕೆ. ಕೊನೆಗೆ ಹೊರಟವರು ನಮ್ಮತ್ತೆ. ಎಪ್ಪತ್ತು ದಾಟಿದ ಅವರು ಇಳಕಲ್ ಸೀರೆಯುಟ್ಟು, ಹಣೆ ತುಂಬ ವಿಭೂತಿ ಬಳಿದುಕೊಂಡು, ನನ್ನ ಕೈ ಹಿಡಿದೇ ಗೇಟು ದಾಟಿಸಿದರು. ಮಗ ಹಿಂದಿನ ದಿನವೆಲ್ಲ ನನ್ನನ್ನು ತಯಾರು ಮಾಡಿದ್ದ. “ಇಂಟ್ರಡ್ಯೂಸ್ ಮಾಡ್ಕೊಳ್ಳಿ ಅಂತಾರೆ. ಹೆಸರು, ಊರು, ಹಾಬಿ ಹೇಳ್ಬೇಕು.” ಮೈಕು ಕೈಗೆ ಬಂದಾಗ ಹೆಸರು, ಊರು ಸರಿಯಾಗಿ ಬಂದವು. ಹಾಬಿಯ ಜಾಗದಲ್ಲಿ ಬಾಯಿಗೆ ಬಂದದ್ದು ನಿದ್ದೆ. ಹುಡುಗಿಯರೆಲ್ಲ ನಕ್ಕರು. ನಾನು ಆ ಕ್ಷಣವೇ ಕೊನೆಯ ಸಾಲಿಗೆ ಹೋಗಿ ಕೂತೆ. ಪ್ರಿನ್ಸಿಪಾಲರು “ಇನ್ನು ಮೇಲೆ ನಿಮ್ಮ ಮಕ್ಕಳು ನಮ್ಮ ಮಕ್ಕಳು” ಎಂದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನೀರು ಕುಡಿದು ಬರುತ್ತೇನೆಂದು ಹೋದವರು ಬಹಳ ಹೊತ್ತು ಕಾಣಿಸಲಿಲ್ಲ.

ಸೋಮವಾರ ಮೊದಲ ತರಗತಿ. ನನ್ನ ಬಸ್ಸು ಆರೂ ಮುಕ್ಕಾಲಿಗೇ ನನ್ನನ್ನು ಇಳಿಸಿತು. ಕಾಲೇಜಿರುವುದು ಬ್ರಿಟಿಷರ ದಂಡಿನ ಕಾಲದ ಹಳೆಯ ಬಂಗಲೆಯಲ್ಲಿ. ಎತ್ತರದ ಮಾಡು, ಉದ್ದನೆಯ ಮೊಗಸಾಲೆ. ನಾನು ನಿಂತ ಮೇಲೂ ನನ್ನ ಚಪ್ಪಲಿಯ ಸದ್ದು ಒಂದೆರಡು ಹೆಜ್ಜೆ ಮುಂದೆ ಹೋದಂತಾಯಿತು. ನಮ್ಮ ಕೋಣೆ ಕೊನೆಯದು. ಒಳಗೆ ಒಂದು ನರಪಿಳ್ಳೆಯಿಲ್ಲ. ನಾಲ್ಕು ಫ್ಯಾನುಗಳಲ್ಲಿ ಮೂರು ಸುಮ್ಮನಿದ್ದವು. ಕಿಟಕಿಯ ಪಕ್ಕದ ಮೊದಲ ಬೆಂಚಿನ ಮೇಲಿನದು ಮಾತ್ರ ತಿರುಗುತ್ತಿತ್ತು. ಆ ಬೆಂಚನ್ನು ಯಾರೋ ಒರೆಸಿದ್ದರು. ಅದರ ಮೇಲೆ ನಾಲ್ಕು ಮಡಿಕೆ ಮಾಡಿದ ಬಿಳಿಯ ಕರ್ಚೀಫು. ಹತ್ತಿರ ಹೋದಾಗ ತೆಳುವಾಗಿ ಅತ್ತರಿನ ವಾಸನೆ ಬಂತು. ಯಾರೋ ಬಂದು ಜಾಗ ಹಿಡಿದಿದ್ದಾರೆ ಎಂದುಕೊಂಡು ಕೊನೆಯ ಬೆಂಚಿಗೆ ಹೋದೆ. ಹುಡುಗಿಯರು ಬಂದರು, ಮೇಡಂ ಬಂದರು, ಪಾಠ ಮುಗಿಯಿತು. ಕರ್ಚೀಫಿನವರು ಬರಲಿಲ್ಲ. ಮರುದಿನ ಬೆಳಿಗ್ಗೆ ಒಗೆದು ಇಸ್ತ್ರಿ ಮಾಡಿದ ಇನ್ನೊಂದು ಕರ್ಚೀಫು ಅದೇ ಜಾಗದಲ್ಲಿತ್ತು. ಅದೇ ಫ್ಯಾನು ತಿರುಗುತ್ತಿತ್ತು.

ಮೂರನೆಯ ದಿನ ಪವಿತ್ರಾ ಎಂಬ ಕೆ.ಆರ್. ಪುರದ ಹುಡುಗಿ ಆ ಬೆಂಚಿನಲ್ಲಿ ಕೂರಲು ಹೋದಳು. ನಾನು ಹಿಂದಿನಿಂದಲೇ ಕಿರುಚಿದೆ.

“ಏ, ಕೂರ್ಬೇಡ ಕಣಮ್ಮ! ಅಲ್ಲಿ ಬರೋರಿದ್ದಾರೆ.”

“ಯಾರು ಬರ್ತಾರೆ ಆಂಟಿ? ಎರಡು ದಿನದಿಂದ ಯಾರೂ ಬಂದಿಲ್ವಲ್ಲ?”

“ಗೊತ್ತಿಲ್ಲ. ಬಟ್ಟೆ ಹಾಕಿದ್ದಾರೆ ಅಂದ್ಮೇಲೆ ಬಂದೇ ಬರ್ತಾರೆ.”

ನಾನು ಹೇಳಿದ್ದು ಬಸ್ಸಿನ ನ್ಯಾಯ. ಪವಿತ್ರಾ ಕೇಳಿಸಿಕೊಂಡದ್ದು ಬೇರೆ ಇರಬೇಕು, ಬಿಸಿ ತಾಗಿದವಳಂತೆ ಹಾರಿ ಎದ್ದಳು. ಮಧ್ಯಾಹ್ನದೊಳಗೆ ತರಗತಿಯ ವಾಟ್ಸಾಪ್ ಗುಂಪಿನಲ್ಲಿ, ಕಾಲೇಜಿಗೆ ಸೇರಿಯೂ ಬರಲಾಗದೆ ಹೋದ ಒಬ್ಬ ಹುಡುಗಿ ಹುಟ್ಟಿಕೊಂಡಿದ್ದಳು. ಸಂಜೆಗೆ ಅವಳಿಗೆ ಬಿಚ್ಚಿದ ಕೂದಲು ಬಂತು. ರಾತ್ರಿಯ ಊಟದ ಹೊತ್ತಿಗೆ ಅವಳು ತಲೆ ತಗ್ಗಿಸಿ ಕೂತಿರುತ್ತಾಳೆಂದೂ, ಮುಖ ನೋಡಿದವರು ಫೇಲಾಗುತ್ತಾರೆಂದೂ ಖಚಿತವಾಯಿತು. ಇಷ್ಟಕ್ಕೆಲ್ಲ ಮೂಲ ನನ್ನ ಒಂದು ಮಾತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅದನ್ನೋದಿ ಎಲ್ಲರಿಗಿಂತ ಹೆಚ್ಚು ಹೆದರಿದವಳು ನಾನೇ. ಏಕೆಂದರೆ ದಿನಾ ಬೆಳಿಗ್ಗೆ ಕಾಲು ಗಂಟೆ ಆ ಬೆಂಚಿನೊಂದಿಗೆ ಒಬ್ಬಳೇ ಇರುತ್ತಿದ್ದುದು ನಾನು. ಕೆಲವೊಮ್ಮೆ ಫ್ಯಾನಿನ ಗಾಳಿಗೆ ಕರ್ಚೀಫಿನ ಒಂದು ಅಂಚು ಮೇಲೆದ್ದು, ಯಾರೋ ಒತ್ತಿ ಕೂರಿಸಿದಂತೆ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಓದುವ ನೆಪದಲ್ಲಿ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ. ಹಾಗೆ ಎಷ್ಟೋ ದಿನ ಅರ್ಥಶಾಸ್ತ್ರವನ್ನು ತಲೆಕೆಳಗಾಗಿ ಓದಿದ್ದೇನೆ.

ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಹೇಳಿದರೆ ಯಜಮಾನರು ಓದೇ ಬೇಡ ಎನ್ನುತ್ತಿದ್ದರು, ಅತ್ತೆ ತಾಯಿತ ಕಟ್ಟಿಸಲು ಕರೆದೊಯ್ಯುತ್ತಿದ್ದರು. ಆದರೆ ಕೊನೆಯ ಬೆಂಚಿನಿಂದ ನನಗೆ ಬೋರ್ಡು ಕಾಣುತ್ತಿರಲಿಲ್ಲ. ಉಳಿದ ಬೆಂಚುಗಳೆಲ್ಲ ಭರ್ತಿ. ಮೊದಲ ಕಿರುಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ನಾಲ್ಕು ಬಂತು. ಮೇಡಂ ಉತ್ತರಪತ್ರಿಕೆ ಕೊಡುತ್ತ, “ಬೋರ್ಡ್ ಕಾಣಿಸ್ತಿಲ್ಲ ಅಂದ್ರೆ ಮುಂದೆ ಬನ್ನಿ. ಕಿಟಕಿ ಹತ್ರ ಖಾಲಿ ಇದೆಯಲ್ಲ?” ಎಂದರು.

“ಅಲ್ಲಿ ಒಬ್ರು ಇದ್ದಾರೆ ಮೇಡಂ” ಎಂದೆ.

ಮೇಡಂ ಖಾಲಿ ಬೆಂಚನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಬೆಂಚನ್ನು ನೋಡಿದರು. ಆ ದಿನದ ಪಾಠವನ್ನು ಕೋಣೆಯ ಇನ್ನೊಂದು ಮೂಲೆಯಲ್ಲಿ ನಿಂತೇ ಮಾಡಿದರು. ಇಪ್ಪತ್ತೈದು ವರ್ಷ ಆಸೆಪಟ್ಟು ಬಂದದ್ದು ಹೀಗಾಯಿತಲ್ಲ ಎಂದು ಬಸ್ಸಿನಲ್ಲಿ ಕಣ್ಣೀರು ಹಾಕಿದೆ. ಈ ವಯಸ್ಸಿಗೆ ಇದೆಲ್ಲ ನನಗೆ ಹೇಳಿದ್ದಲ್ಲ, ಕಾಲೇಜು ಬಿಟ್ಟುಬಿಡುವುದೇ ಸರಿ ಎಂದು ನಿರ್ಧರಿಸಿದೆ.

ಆರನೆಯ ವಾರದ ಕೊನೆಗೆ, ಬಿಡುವ ಪತ್ರ ಬರೆದುಕೊಂಡು, ಹುಡುಗಿಯರ ಕಣ್ಣಿಗೆ ಬೀಳದೆ ಕೊಟ್ಟುಹೋಗಲು ಮೊದಲ ಬಸ್ಸಿಗೇ ಬಂದೆ. ಆರು ಗಂಟೆಯಾಗಿತ್ತಷ್ಟೆ. ಬಾಗಿಲಿಗೆ ಬೀಗವಿರಲಿಲ್ಲ; ಮೋಡ ಕವಿದು ಕೋಣೆಯೊಳಗೆ ಮಬ್ಬು. ಫ್ಯಾನು ಇನ್ನೂ ನಿಂತೇ ಇತ್ತು, ಬೆಂಚು ಬರಿದಾಗಿತ್ತು. ಓ, ಅವಳು ಬರುವ ಮೊದಲೇ ನಾನು ಬಂದುಬಿಟ್ಟೆ ಎಂದು ಹೊಳೆಯಿತು. ಕೊನೆಯ ಬೆಂಚಿನಲ್ಲಿ ಹಾಗೇ ತಗ್ಗಿ ಕೂತೆ. ಮೊಗಸಾಲೆಯಲ್ಲಿ ಎಳೆದು ನಡೆಯುವ ಹೆಜ್ಜೆ ಕೇಳಿಸಿತು. ಬಾಗಿಲು ತೆರೆಯಿತು. ಬಿಳಿಯ ತೋಳೊಂದು ಗೋಡೆಯ ಮೇಲೆ ತಡವರಿಸಿ ಸ್ವಿಚ್ಚು ಒತ್ತಿತು. ಆ ಫ್ಯಾನು ತಿರುಗತೊಡಗಿತು. ಬಿಳಿಯ ಆಕೃತಿ ಬೆಂಚಿಗೆ ಬಾಗಿ, ಒರೆಸಿ, ಕರ್ಚೀಫು ಮಡಿಸಿಟ್ಟು, ಮೆಲುದನಿಯಲ್ಲಿ ಹೇಳಿತು: “ಇವತ್ತಾದ್ರೂ ಬಾ ಬೇಟೀ.”

ನಾನು ಕಿರುಚಿದೆ. ಊಟದ ಡಬ್ಬಿ ನೆಲಕ್ಕೆ ಬಿತ್ತು, ತುರುಬು ಬಿಚ್ಚಿಹೋಯಿತು. ಆಕೃತಿಯೂ “ಯಾ ಅಲ್ಲಾ!” ಎಂದು ಕಿರುಚಿ ಬೆಂಚು ಹಿಡಿದುಕೊಂಡಿತು. ನೋಡಿದರೆ, ಆಫೀಸಿನ ಬಾಗಿಲಲ್ಲಿ ದೂರದಿಂದಷ್ಟೇ ಕಂಡಿದ್ದ ಕಾಲೇಜಿನ ಮುದಿ ಅಟೆಂಡರ್ ಖಾದರ್ ಚಾಚಾ. ನಾನು ಬರುವ ಮೊದಲೇ ಕೋಣೆ ಸಿದ್ಧಮಾಡಿಟ್ಟು ಪಕ್ಕದ ಮಾಸ್ಕ್ ರೋಡಿಗೆ ಚಹಾಕ್ಕೆ ಹೋಗುವವರಾದ್ದರಿಂದ ಅವರನ್ನು ಬೆಳಿಗ್ಗೆ ನಾನು ಕಂಡದ್ದೇ ಇಲ್ಲ. ಪಾಠ ಮುಗಿದೊಡನೆ ನಾನು ಬಸ್ಸಿಗೆ ಓಡುತ್ತಿದ್ದೆ.

“ಮೇಡಂ, ನೀವಾ? ಜೀವಾನೇ ಹೋಗ್ಬಿಡ್ತು ನಂದು” ಎಂದು, ಪಾಠ ಮಾಡುವ ಮೇಡಂ ಎಂದೇ ನನ್ನನ್ನು ತಿಳಿದು, ಎದೆ ನೀವಿಕೊಂಡರು.

“ಚಾಚಾ, ಯಾರಿಗೆ ಈ ಜಾಗ?” ಎಂದೆ.

“ಓರಿಯೆಂಟೇಶನ್ ದಿನ ಒಬ್ರು ಅಜ್ಜಿ ಬಂದಿದ್ರು. ಹಣೆ ತುಂಬಾ ವಿಭೂತಿ. ನನ್ನ ಕೈ ಹಿಡ್ಕೊಂಡು ಹೇಳಿದ್ರು, ‘ಸಾಹೇಬ್ರ, ನಮ್ಮ ಹುಡುಗಿ ಭಾಳ ಅಂಜುಬುರಕಿ ಅದಾಳ್ರಿ, ಬಾಯಿ ತೆರೆದು ಜಾಗ ಕೇಳಾಕಿ ಅಲ್ಲ, ಫ್ಯಾನಿನ ಕೆಳಗ ಒಂದು ಜಾಗ ಹಿಡದಿಡ್ರಿ’ ಅಂತ. ನಾನು ಮಾತು ಕೊಟ್ಬಿಟ್ಟೆ. ಆರು ವಾರ ಆಯ್ತು ಮೇಡಂ, ಆ ಬಚ್ಚಿ ಬರ್ಲೇ ಇಲ್ಲ. ಪಾಪ, ಏನೋ ಆಗೋಗಿದೆ. ದಿನಾ ನಮಾಜಲ್ಲಿ ಅವಳ ಹೆಸರು ಹೇಳಿ ದುವಾ ಮಾಡ್ತೀನಿ.”

“ಹೆಸರೇನು?”

“ಮಹಾದೇವಿ.”

ಆ ಮಬ್ಬಿನಲ್ಲಿ ಕೇಳಿದ್ದು ನನ್ನದೇ ಹೆಸರು; ನೀರು ಕುಡಿಯಲು ಹೋಗಿದ್ದ ಅತ್ತೆ ಈ ಮಾತನ್ನು ನನಗೆ ಹೇಳಿಯೇ ಇರಲಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಕಾಲೇಜಿಗೆ ಬರಬೇಕಿದ್ದ ಹುಡುಗಿ ಬರಲಿಲ್ಲ. ಅವಳು ಯಾಕೆ ಬರಲಿಲ್ಲ ಎಂದು ಅಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಅವಳಿಗಾಗಿ ಈ ಮುದುಕರು ಆರು ವಾರ ಬೆಂಚು ಒರೆಸಿದ್ದರು. ಎದ್ದು, ಮುಂದಕ್ಕೆ ನಡೆದು, ಜೀವನದಲ್ಲಿ ಎರಡನೇ ಸಲ ಒಂದು ಬಟ್ಟೆಯನ್ನು ಸರಿಸಿ ಕೂತೆ.

“ಅಯ್ಯೋ, ಅಲ್ಲಿ ಬೇಡ ಮೇಡಂ! ಅದು ಆ ಹುಡುಗಿಗೆ.”

“ಆ ಹುಡುಗಿ ನಾನೇ ಚಾಚಾ.”

ಅವರು ನನ್ನ ಬಿಚ್ಚಿದ ನರೆಗೂದಲನ್ನು ನೋಡಿದರು. ಮುಖವನ್ನು ನೋಡಿದರು. ಆರು ವಾರದಲ್ಲಿ ಒಂದು ಬಚ್ಚಿ ಇಷ್ಟು ಮುದಿಯಾಗುವುದು ಹೇಗೆಂದು ಲೆಕ್ಕ ಹಾಕುತ್ತಿರಬೇಕು. ಬಾಯಲ್ಲಿ ಏನೋ ಜಪಿಸುತ್ತ ಎರಡು ಹೆಜ್ಜೆ ಹಿಂದೆ ಸರಿದವರು, ಬಾಗಿಲು ಸಿಕ್ಕೊಡನೆ ಆ ವಯಸ್ಸಿನಲ್ಲೂ ಓಡಿದರು. ನಾನು ಬಿಡುವ ಪತ್ರವನ್ನು ಹರಿದು ಹಾಕಿದೆ. ಫ್ಯಾನಿನ ಗಾಳಿ ಹಿತವಾಗಿತ್ತು, ಬೋರ್ಡು ಅಂಗೈಯಷ್ಟು ಹತ್ತಿರವಿತ್ತು. ತಲೆ ತಗ್ಗಿಸಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ, ಯಾವಾಗ ಏಳು ಗಂಟೆಯಾಯಿತೋ ತಿಳಿಯಲಿಲ್ಲ. ಬಾಗಿಲಲ್ಲಿ ಪವಿತ್ರಾಳ ಚೀತ್ಕಾರ ಕೇಳಿ ಕತ್ತೆತ್ತುವಷ್ಟರಲ್ಲಿ ಮೊಗಸಾಲೆಯ ತುಂಬ ಓಡುವ ಕಾಲುಗಳ ಸದ್ದು. ‘ನಾನೇ ಕಣ್ರೇ, ಆಂಟಿ!’ ಎಂದು ಕೂಗಿದೆ. ಅಳುವಿನಿಂದ ಕಟ್ಟಿದ ಗಂಟಲಿನಿಂದ ಬಂದ ಆ ದನಿಗೆ ಅವರು ಇನ್ನೂ ಜೋರಾಗಿ ಓಡಿದರು. ಆ ದಿನ ಹಾಜರಿ ಪುಸ್ತಕದಲ್ಲಿ ಇಡೀ ತರಗತಿಗೆ ಹಾಜರೆಂದು ಇದ್ದದ್ದು ನನ್ನೊಬ್ಬಳದೇ ಹೆಸರು.