ನಾರ್ಮನ್ ಟಿಬ್ಬಲ್ ಸೇತುವೆ ಉಳಿಸಿದ್ದು

ಎರಡನೆಯ ಬಿಸ್ಕತ್ತಿನ ಆಸೆಯೇ ಎಲ್ಲಕ್ಕೂ ಮೂಲ. ದಡದಿಂದ ಕಡಲೊಳಕ್ಕೆ ಚಾಚಿಕೊಂಡಿದ್ದ, ಮಾರ್ಡನ್‌ಸೀ ಊರಿನ ಹಳೆಯ ವಿಹಾರಸೇತುವೆಯನ್ನು ಉಳಿಸುವ ಸಂಘದ ಸಭೆಯಲ್ಲಿ ಅಧ್ಯಕ್ಷೆ ಬೆರಿಲ್ ಹ್ಯಾಕ್ಸ್‌ಬಿ ಮೇಜು ಗುದ್ದಿ, "ಸೋಮವಾರ ಕೆಡವೋರು ಬರ್ತಾರೆ. ನಮ್ಮ ಸೇತುವೆಗೋಸ್ಕರ ಎದ್ದು ನಿಲ್ಲೋರು ಯಾರಿದ್ದೀರಿ?" ಎಂದು ಗುಡುಗಿದಳು. ಬೂಟಿನಂಗಡಿಯ ನಿವೃತ್ತ ಗುಮಾಸ್ತ ನಾರ್ಮನ್ ಟಿಬ್ಬಲ್ ತಟ್ಟೆಗೆ ಕೈ ಚಾಚಲು ಎದ್ದದ್ದು ಸರಿಯಾಗಿ ಅದೇ ಗಳಿಗೆಗೆ. ಚಪ್ಪಾಳೆ ಬಿತ್ತು. ಮತ್ತೆ ಕೂತುಕೊಳ್ಳುವಷ್ಟು ಧೈರ್ಯ ಅವನಿಗಿರಲಿಲ್ಲ.

ಹಾಗಾಗಿ ಸೋಮವಾರ ಬೆಳಗ್ಗೆ ಎಂಟಕ್ಕೆ ಅವನು ಸೇತುವೆಯ ತುತ್ತತುದಿಯಲ್ಲಿ, ಮುಚ್ಚಿದ ನೃತ್ಯಮಂದಿರದ ಎದುರು, ಕಬ್ಬಿಣದ ಕಟಾಂಜನಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಪಕ್ಕದ ಮನೆಯ ಡೆಸ್ಮಂಡ್ ತನ್ನ ಮೋಟಾರ್ ಸೈಕಲ್ಲಿನ ಸರಪಳಿಯನ್ನು ಅವನ ಸೊಂಟಕ್ಕೂ ಕಟಾಂಜನಕ್ಕೂ ಸೇರಿಸಿ ಎರಡು ಸುತ್ತು ಸುತ್ತಿ ಬೀಗ ಜಡಿದ.

"ಬಿಗಿ ಆಯ್ತಾ?"

"ಸ್ವಲ್ಪ..."

"ಇರ್ಲಿ ಬಿಡು. ಫೋಟೋದಲ್ಲಿ ಜೋಲಾಡ್ತಾ ಇದ್ರೆ ಚೆನ್ನಾಗಿರಲ್ಲ."

ಹೆಂಡತಿ ಮಾವಿಸ್ ಅವನ ಟೊಪ್ಪಿ ನೇರ ಮಾಡಿ, "ಗೂಟಕ್ಕೆ ಕಟ್ಟಿದ ಮೇಕೆ ಥರ ಕಾಣ್ತೀಯ" ಎಂದು, ಮಡಿಚುವ ಕುರ್ಚಿ ಬಿಡಿಸಿಕೊಂಡು ಹೆಣಿಗೆಗೆ ಕೂತಳು.

ಪತ್ರಿಕೆಯ ಫೋಟೋದವನು ಬಂದ. ಕ್ಯಾಮೆರಾ ಕಂಡದ್ದೇ ಬೆರಿಲ್‌ಗೆ ಆವೇಶ ಬಂತು. ಡೆಸ್ಮಂಡನ ಕೈಯಿಂದ ಬೀಗದ ಕೈ ಕಿತ್ತು, "ಇನ್ನು ಹಿಂದೆ ಸರಿಯೋ ಮಾತೇ ಇಲ್ಲ!" ಎಂದು ಕಡಲಿಗೆ ಎಸೆದೇಬಿಟ್ಟಳು. ಜನ ಹೋ ಎಂದರು.

ನಾರ್ಮನ್ ಮೆಲ್ಲಗೆ, "ಡೆಸ್ಮಂಡ್, ಇನ್ನೊಂದು ಬೀಗದ ಕೈ ಇದೆ ತಾನೇ?" ಅಂದ.

"ಅದೇ ಇನ್ನೊಂದು. ಮೊದಲನೇದು ಹೋದ ವರ್ಷವೇ ಕಳ್ಕೊಂಡೆ."

ಮೂಡುಗಾಳಿ ಬೀಸುತ್ತಿತ್ತು. ವೀರನಿಗೆ ಚಳಿಯಾದೀತೆಂದು ಊರಿನ ಹೆಂಗಸರೆಲ್ಲ ಫ್ಲಾಸ್ಕು ಹಿಡಿದು ಬಂದರು. "ಕುಡಿಯಪ್ಪಾ, ನಮಗೋಸ್ಕರ ನಿಂತಿದ್ದೀಯ." ಬೇಡ ಎನ್ನುವ ಮಾತು ನಾರ್ಮನ್‌ನ ಬಾಯಲ್ಲಿ ಈ ಅರವತ್ತೇಳು ವರ್ಷಗಳಲ್ಲಿ ಒಮ್ಮೆಯೂ ಸಲೀಸಾಗಿ ಬಂದದ್ದಿಲ್ಲ. ಒಬ್ಬಳ ಚಹಾ ಕುಡಿದು ಇನ್ನೊಬ್ಬಳದು ಬಿಟ್ಟರೆ ಅವಳಿಗೆ ಬೇಜಾರು. ಒಂಬತ್ತೂವರೆಯ ಹೊತ್ತಿಗೆ ಏಳು ಲೋಟ ಒಳಗೆ ಸೇರಿದ್ದವು. ಹಲಗೆಗಳ ಕೆಳಗೆ ಕಡಲು ಬೇರೆ ಗುಳುಗುಳು ಎಂದು ಒಂದೇ ಸಮ ನೆನಪಿಸುತ್ತಿತ್ತು.

ಹತ್ತು ಗಂಟೆಗೆ ಅವನು ಕಾಲು ಹೆಣೆದುಕೊಂಡು ನಿಂತ. ಹತ್ತೂವರೆಗೆ ಮುಖ ಬೀಟ್‌ರೂಟ್ ಬಣ್ಣಕ್ಕೆ ತಿರುಗಿತ್ತು.

"ನೋಡಿ, ಎಷ್ಟು ಭಾವುಕರಾಗಿದ್ದಾರೆ!" ಎಂದಳು ಬೆರಿಲ್.

ಅಷ್ಟರಲ್ಲಿ ಲಂಡನ್ನಿನಿಂದ ಪುರಾತನ ಕಟ್ಟಡಗಳ ಅಧಿಕಾರಿಣಿ ಬಂದಿದ್ದಾರೆಂದು ಸುದ್ದಿ ಬಂತು. ಸಂಘದವರೂ ನೆರೆದ ಜನರೂ ಊರಿನ ಬ್ಯಾಂಡಿನವರನ್ನು ಎಬ್ಬಿಸಿಕೊಂಡು ಸೇತುವೆಯ ದಡದ ಕಡೆಯ ಬಾಗಿಲಿಗೆ ಓಡಿದರು. ತುದಿಯಲ್ಲಿ ಉಳಿದದ್ದು ನಾರ್ಮನ್, ಮಾವಿಸ್, ಮತ್ತು ಗುಂಪು ಕರಗಲೆಂದು ಕಾದಿದ್ದ ಕೆಡವುವವರ ಮೇಸ್ತ್ರಿ, ಗ್ಯಾರೆತ್ ಬೌಡನ್.

"ಯಜಮಾನ್ರೇ, ಹುಷಾರಾಗಿದ್ದೀರಾ?"

ನಾರ್ಮನ್ ಅವನ ಕಿವಿಗೆ ಎರಡು ಮಾತು ಹೇಳಿದ. ಮೇಸ್ತ್ರಿ ತಲೆಯಾಡಿಸಿ, ಸರಪಳಿ ಎತ್ತಿ ನೋಡಿದ. "ಇದು ಗಟ್ಟಿ ಉಕ್ಕು. ನನ್ನ ಗರಗಸಕ್ಕೆ ಅರ್ಧ ಗಂಟೆ ಬೇಕು."

"ಅರ್ಧ ಗಂಟೆ!"

"ಈ ಕಂಬಿ ಆದ್ರೆ ನೂರು ವರ್ಷದ್ದು, ತುಕ್ಕು ತಿಂದಿದೆ. ಎರಡೇ ನಿಮಿಷ."

ನಾರ್ಮನ್ ತಿರುಗಿ ನೋಡಿದ. ಕಟಾಂಜನದ ಉದ್ದಕ್ಕೂ ಎರಕದ ಪುಟ್ಟ ಕಡಲಕುದುರೆಗಳು ಸಾಲಾಗಿ ನಿಂತಿದ್ದವು. ಬಾಲ್ಯದಲ್ಲಿ ಅಪ್ಪನ ಕೈ ಹಿಡಿದು ಒಂದೊಂದರ ಮೂಗನ್ನೂ ಮುಟ್ಟುತ್ತ ಅವನು ಇಲ್ಲಿ ನಡೆದಿದ್ದ. ಬಿಸ್ಕತ್ತು ಏನೇ ಇರಲಿ, ಸಂಘಕ್ಕೆ ಅವನು ಸೇರಿದ್ದು ಇವುಗಳಿಗಾಗಿಯೇ.

"ಬೇಗ ಯೋಚ್ನೆ ಮಾಡು ನಾರ್ಮನ್," ಎಂದಳು ಮಾವಿಸ್, ಹೆಣಿಗೆಯಿಂದ ಕಣ್ಣೆತ್ತದೆ. "ಅದು ನಿನ್ನ ಒಳ್ಳೇ ಪ್ಯಾಂಟು."

ನಾರ್ಮನ್ ಕಣ್ಣು ಮುಚ್ಚಿದ. "ಕತ್ತರಿಸಿ."

ಶೌಚಾಲಯವಿದ್ದದ್ದು ದಡದ ಬಾಗಿಲ ಬಳಿ. ಮೂರಡಿ ಕಟಾಂಜನ ಸೊಂಟಕ್ಕೆ ಜೋತುಬಿದ್ದು ಮೊಣಕಾಲಿಗೆ ಬಡಿಯುತ್ತಿರಲು, ಕೊರಳಿಗೆ ದಿಂಡು ಕಟ್ಟಿದ ತುಡುಗು ದನದಂತೆ ನಾರ್ಮನ್ ಸೇತುವೆಯ ಉದ್ದಕ್ಕೂ ಓಡಿದ. ಬ್ಯಾಂಡಿನವರ ನಡುವೆ ನುಗ್ಗಿದ. ತುತ್ತೂರಿಯವನೊಬ್ಬ ಡೋಲಿನ ಮೇಲೆ ಬಿದ್ದ. ನಾರ್ಮನ್ ನಿಲ್ಲಲಿಲ್ಲ.

ಅವನು ಹೊರಗೆ ಬಂದಾಗ ವಾದ್ಯ ನಿಂತುಹೋಗಿತ್ತು. ಊರಿಗೆ ಊರೇ ಅರ್ಧವೃತ್ತವಾಗಿ ನಿಂತು ಅವನನ್ನೇ ನೋಡುತ್ತಿತ್ತು. ನಡುವೆ ಅಧಿಕಾರಿಣಿ, ಕೈಯಲ್ಲಿ ಮೊಹರಿನ ಕಾಗದ.

"ನಾನು ಓದ್ತಾ ಇದ್ದದ್ದು ಇದನ್ನೇ," ಎಂದಳು ಆಕೆ ತಣ್ಣಗೆ. "ಇವತ್ತು ಬೆಳಗ್ಗೆ ಒಂಬತ್ತರಿಂದ ಈ ಸೇತುವೆ ರಕ್ಷಿತ ಸ್ಮಾರಕ. ಕೆಡವೋ ಹಾಗಿಲ್ಲ. ಒಂದು ಮೊಳೆ ಕಿತ್ತರೂ ಅಪರಾಧ. ನಿಮ್ಮ ಸೊಂಟದಲ್ಲಿರೋದು ಏನು?"

ಉತ್ತರ ಹೇಳಬೇಕಾದ ಅಗತ್ಯವಿರಲಿಲ್ಲ. ಕಡಲಕುದುರೆಯೊಂದು ಅವನ ಕೋಟಿನ ಕೆಳಗಿಂದ ಎಲ್ಲರನ್ನೂ ಇಣುಕಿ ನೋಡುತ್ತಿತ್ತು.

"ಯಾವಾಗ ಕತ್ತರಿಸಿದ್ದು?"

"ಈಗ... ಈಗ್ತಾನೆ."

ಹಿಂದೆಯೇ ಓಡಿಬಂದ ಮೇಸ್ತ್ರಿ, "ಕತ್ತರಿಸಿದ್ದು ನಾನು ಮೇಡಂ" ಎಂದ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ನಾರ್ಮನ್‌ಗೆ ಅದೂ ಬರದು. "ಪಾಪ, ಅವರದೇನೂ ತಪ್ಪಿಲ್ಲ. ಕತ್ತರಿಸಿ ಅಂದೋನು ನಾನೇ."

ಅಧಿಕಾರಿಣಿ ಅಪರಾಧ ದಾಖಲಿಸುವ ಹೊಚ್ಚ ಹೊಸ ಪುಸ್ತಕ ತೆರೆದಳು. "ಟಿಬ್ಬಲ್. ಎರಡು ಬ ಅಲ್ವಾ?" ನಂತರ ಬೆರಿಲ್ ಕಡೆ ತಿರುಗಿ, "ಇವರು ನಿಮ್ಮ ಸಂಘದೋರಾ?" ಎಂದಳು.

ಬೆರಿಲ್ ಎದೆಯ ಮೇಲಿನ ಬಿಲ್ಲೆ ಸರಿಪಡಿಸಿಕೊಂಡು, ಕಡಲಿನ ಕಡೆ ನೋಡುತ್ತ ನುಡಿದಳು: "ಆಗಿದ್ರು."

ಡೆಸ್ಮಂಡ್ ಸದ್ದಿಲ್ಲದೆ ಗುಂಪಿನ ಹಿಂದಕ್ಕೆ ಸರಿದ. ಚಹಾ ಕುಡಿಸಿದವರು ಫ್ಲಾಸ್ಕುಗಳನ್ನು ಚೀಲದೊಳಗೆ ತುರುಕಿಕೊಂಡರು. ಫೋಟೋದವನು ಮಾತ್ರ ಹತ್ತಿರ ಬಂದು, "ಸ್ವಲ್ಪ ಪಕ್ಕಕ್ಕೆ ತಿರುಗಿ, ಕುದುರೆ ಕಾಣ್ಲಿ" ಎಂದು ಎರಡು ಚಿತ್ರ ಹೊಡೆದುಕೊಂಡ. ನೆಲದ ಹಲಗೆಗಳ ಸಂದಿಯಲ್ಲಿ ಇಳಿದುಹೋಗುವಷ್ಟು ಸಣ್ಣವನಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಳ್ಳುತ್ತ ನಾರ್ಮನ್ ತನ್ನ ಬೂಟುಗಳನ್ನೇ ನೋಡುತ್ತ ನಿಂತ.

ಜನ ಚದುರಿದ ಮೇಲೆ ಮೇಸ್ತ್ರಿ ಬಂದು ಅವನ ಕೈ ಹಿಡಿದು ಗೌರವದಿಂದ ಕುಲುಕಿದ.

"ಎರಡು ಕ್ರೇನು, ಹದಿನಾಲ್ಕು ಆಳು ಕಟ್ಕೊಂಡು ಆರು ತಿಂಗಳಿಂದ ಕಾಯ್ತಿದ್ದೀನಿ, ಯಜಮಾನ್ರೇ. ಈ ಸೇತುವೆಯಿಂದ ಒಂದು ತಿರುಪು ಕೀಳೋಕೂ ನಮ್ಮ ಕೈಲಿ ಆಗ್ಲಿಲ್ಲ. ನೀವೊಬ್ರೇ ಬಂದು ಮೂರಡಿ ತೆಗೆದ್ರಿ. ನಮ್ಮಲ್ಲಿ ಕೆಲಸ ಇದೆ, ಬರ್ತೀರಾ?"