ಫೋನಿನೊಳಗೊಂದು ಫೋನು

‘ಸುಲಭ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನ್ನ ಎದೆ ಢವಢವ ಎನ್ನುತ್ತದೆ. ಕಷ್ಟ ಎನ್ನುವವರನ್ನು ನಂಬಬಹುದು, ಅವರು ಮೊದಲೇ ಎಚ್ಚರಿಸಿರುತ್ತಾರೆ. ಸುಲಭ ಎಂದವರು ನನ್ನನ್ನು ನಡುನೀರಿನಲ್ಲಿ ಕೈಬಿಟ್ಟದ್ದೇ ಹೆಚ್ಚು. ಆದರೂ ಆ ಮಾತಿಗೆ ಪ್ರತಿಸಲವೂ ಮರುಳಾಗುತ್ತೇನೆ. ಬುದ್ಧಿ ಬರುವ ವಯಸ್ಸು ಯಾವುದೆಂದು ಯಾರಾದರೂ ಹೇಳಿದರೆ ಅಲ್ಲಿಯವರೆಗೆ ಕಾಯಲು ಸಿದ್ಧನಿದ್ದೇನೆ.

ಪುಣೆ ಹತ್ತಿರದ ತಳೇಗಾಂವದ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನ ಪಾಟೀಲರು ಒಂದು ದಿನ, “ಎಲ್ಲಾರ ಕೈಯಾಗಿರೋ ಫೋನ್ ಯಾಕ್ರೀ ತಗೋತೀರಿ? ನಿಮ್ಮ ಗುಟ್ಟೆಲ್ಲಾ ಕಂಪನಿಯವ್ರಿಗೆ ಹೋಗ್ತಾವ. ಈ ಜಾತಿ ಫೋನ್ ತಗೋರಿ” ಎಂದು ತಮ್ಮದನ್ನು ತೋರಿಸಿದರು. ನನಗೆ ಗುಟ್ಟುಗಳೇನೂ ಇರಲಿಲ್ಲ. ಆದರೆ ಅವನ್ನು ಕಾಪಾಡುವ ಫೋನು ಕೊಂಡ ಮೇಲೆ ಒಂದೆರಡಾದರೂ ಇರಬೇಕಿತ್ತು ಎನಿಸಿತು. ಹಳೆಯ ಫೋನನ್ನು ಅಂಗಡಿಯವನಿಗೇ ಕೊಟ್ಟು ಮನೆಗೆ ಬಂದಾಗ ತಿಳಿಯಿತು, ಊರಿನ ಆ್ಯಪ್‌ಗಳೆಲ್ಲ ಬೇರೆ ಜಾತಿಯ ಫೋನುಗಳಿಗಾಗಿ ಹುಟ್ಟಿದವು. ನನ್ನದರಲ್ಲಿ ಅವು ಕಾಲಿಡುವುದಿಲ್ಲ. ಉಳಿದವು ಹಾಳಾಗಿ ಹೋಗಲಿ, ನಮ್ಮ ಸೊಸಾಯಿಟಿಯ ಗೇಟಿನ ಆ್ಯಪು ಇಲ್ಲದಿದ್ದರೆ ಹೇಗೆ? ಪುಣೆಯಲ್ಲಿ ಈಗ ನೆಂಟರು ನೇರವಾಗಿ ಮನೆಗೆ ಬರುವುದಿಲ್ಲ, ಮೊದಲು ಫೋನಿಗೆ ಬರುತ್ತಾರೆ. ನಾವು ‘ಒಪ್ಪಿಗೆ’ ಒತ್ತಿದ ಮೇಲೆಯೇ ಕಾವಲಿನವನು ಗೇಟು ತೆಗೆಯುವುದು.

ಅದರಲ್ಲೂ ಬರುವವರು ನನ್ನ ಅತ್ತೆ. ಹೋದ ಸಲ ಅವರು ಕಲಬುರ್ಗಿಯಿಂದ ಬಂದಾಗ ನಾನು ನಿದ್ದೆ ಹೋಗಿದ್ದೆ, ಟೀಚರಾದ ಹೆಂಡತಿ ಪಾಠದಲ್ಲಿದ್ದಳು. ಪಾಪ, ಗೇಟಿನ ಹೊರಗೆ ರೊಟ್ಟಿಯ ಗಂಟಿನ ಮೇಲೆ ಕೂತಿದ್ದರು. “ಅಳ್ಯಾನ ಮನ್ಯಾಗ ಕಾಲಿಡಾಕ ಪರವಾನಗಿ ಬೇಕವ್ವಾ” ಎಂದು ಆಮೇಲೆ ಊರಲ್ಲಿ ಅವರು ಹೇಳದ ಮನೆ ಇಲ್ಲ. ಮೊದಲೇ ಅವರಿಗೆ ನನ್ನ ಮೇಲೆ ಅಷ್ಟಕ್ಕಷ್ಟೇ. ಈ ಸಲವೂ ಹಾಗಾದರೆ ಹೆಂಡತಿಯ ತವರಿನಲ್ಲಿ ನಾನು ತಲೆಯೆತ್ತುವ ಹಾಗಿರಲಿಲ್ಲ.

ಅವರು ಬರುವ ದಿನ ಬೆಳಿಗ್ಗೆಯೇ ಫೋನಿನಲ್ಲಿ ಸುದ್ದಿ ಬಂತು: ಬೇರೆ ಫೋನುಗಳ ಆ್ಯಪ್‌ಗಳನ್ನು ಹಾಕಿಕೊಳ್ಳುವುದು ಇನ್ನು ಮತ್ತಷ್ಟು ಸುಲಭ! ನಾನು ಅರ್ಧ ದಿನ ರಜೆ ಹಾಕಿ ಕೂತೆ. ಒತ್ತಿದೆ. ಫೋನಿನೊಳಗೆ ಇನ್ನೊಂದು ಫೋನು ತೆರೆದುಕೊಂಡಿತು. ಒಳಗಿನದಕ್ಕೆ ತನ್ನದೇ ಗಡಿಯಾರ, ತನ್ನದೇ ಕೀಲಿಮಣೆ. ಒಳಗಿನ ಫೋನು ಹೊರಗಿನದನ್ನು ನಂಬಲೇ ಎಂದು ನನ್ನನ್ನು ಕೇಳಿತು. ಹೊರಗಿನದು, ಒಳಗಿರುವವನು ಯಾರು ಎಂದು ಕೇಳಿತು. ಇಬ್ಬರ ನಡುವೆ ನಾನು ಬೀಗರ ಜಗಳದಲ್ಲಿ ಸಿಕ್ಕಿಕೊಂಡ ಪುರೋಹಿತನಂತೆ ಎರಡೂ ಕಡೆಗೆ ಹೌದು ಹೌದು ಎಂದೆ. ಅಂತೂ ಗೇಟಿನ ಆ್ಯಪು ಬಂತು. ಬಂದದ್ದೇ, ‘ಹಳೆಯದನ್ನು ತೆಗೆದುಹಾಕಲೇ?’ ಎಂದಿತು. ಹಳೆಯ ಫೋನಿನ ಮಾತೆಂದು ‘ತೆಗೆ’ ಎಂದೆ. ‘ಮನೆಯ ಸದಸ್ಯರಿಗೆ ನಿಮ್ಮ ಕೋರಿಕೆ ಕಳಿಸಲಾಗಿದೆ’ ಎಂಬ ಉತ್ತರ ಬಂತು. ಮನೆಯ ಸದಸ್ಯ ನಾನೇ ತಾನೆ ಎಂದು ಚಹಾ ಮಾಡಿಕೊಂಡೆ.

ಮಧ್ಯಾಹ್ನ ಯಾವುದೋ ನಂಬರಿನಿಂದ ಕರೆ. “ಅಳಿಯಂದಿರ, ಗೇಟಿನ್ಯಾಗ ಇದ್ದೀನ್ರಿ. ಈ ಹುಡುಗನ ಫೋನ್ಲೆ ಮಾತಾಡಾಕತ್ತೀನಿ. ಒಳಗ ಬಿಡವಲ್ಲ.” ನನ್ನ ಒಳಫೋನೂ ಹೊರಫೋನೂ ತೆಪ್ಪಗಿದ್ದವು. ಎದ್ದುಬಿದ್ದು ಕೆಳಗೆ ಓಡಿದೆ. ರಿಕ್ಷಾದ ಪಕ್ಕ ಅತ್ತೆ, ಅವರ ಪಕ್ಕ ಗಂಟು. ಗೇಟು ದಾಟಿ ಹೋಗಿ ಗಂಟನ್ನು ಹೆಗಲಿಗೇರಿಸುವಷ್ಟರಲ್ಲಿ ಕಾವಲಿನವನ ಫೋನು ಟಿಂಗ್ ಎಂದಿತು. ಅತ್ತೆಗೆ ಒಪ್ಪಿಗೆ ಸಿಕ್ಕಿತ್ತು! ಅವರು ನೆಟ್ಟಗೆ ಒಳಗೆ ನಡೆದರು. ಹಿಂದೆಯೇ ಹೊರಟ ನನಗೆ ಅವನು ಕೈ ಅಡ್ಡ ಹಿಡಿದ. “ಸಾಹೇಬ, ತುಮಚಂ ನಾವ ನಾಹೀ.” ಆ್ಯಪಿನಲ್ಲಿ ನನ್ನ ಹೆಸರಿಲ್ಲವಂತೆ. ಹೊಸದಾಗಿ ಸೇರಿದವನು. ಮುಖ ನೋಡಿ ಬಿಡುವ ಹಳಬರ ಪೈಕಿ ಅಲ್ಲ, ಆ್ಯಪು ನೋಡಿ ಬಿಡುವವನು.

ಅಷ್ಟರಲ್ಲಿ ಶಾಲೆಯಿಂದ ನನ್ನ ಹೆಂಡತಿ ಸುನಂದಾಳ ಫೋನು. “ಅವ್ವ ಬಂದ್ಳೇನ್ರೀ? ಕ್ಲಾಸ್ ಮುಗಿಸಿ ಈಗ ನೋಡಿ ಒಪ್ಪಿಗಿ ಒತ್ತಿದೆ. ಮತ್ತ ಕೇಳ್ರಿ, ಆ್ಯಪಿನ್ಯಾಗ ಯಾವನೋ ಒಬ್ಬ ನಿಮ್ಮ ಹೆಸರು ಹೇಳಿ ನಮ್ಮ ಮನ್ಯಾಗ ಸೇರ್ಕೊಳ್ಳಾಕ ನೋಡ್ಯಾನ. ಎಂಥಾ ಮೋಸಗಾರರು ಇರ್ತಾರ ನೋಡ್ರಿ! ‘ಬ್ಯಾಡ’ ಅಂತ ಒತ್ತೇಬಿಟ್ಟೆ.”

ನಾನು ತೆಗೆದುಹಾಕಿದ ಆ ಹಳೆಯದು ಯಾವುದೆಂದು ಆಗ ಹೊಳೆಯಿತು: ಮನೆಯ ಸದಸ್ಯರ ಪಟ್ಟಿಯಲ್ಲಿದ್ದ ನನ್ನದೇ ಹೆಸರು. ಮತ್ತೆ ಸೇರಿಸಿ ಎಂದು ಕೋರಿದ ಮೋಸಗಾರನೂ ನಾನೇ. ಹೆಂಡತಿಗೆ ವಿವರಿಸಲು ಹೊರಟೆ. ಒಳಗಿನ ಫೋನು, ಹೊರಗಿನ ಫೋನು ಎನ್ನುವಷ್ಟರಲ್ಲಿ ನನಗೇ ಗೋಜಲಾಯಿತು, ಅವಳ ಶಾಲೆಯ ಗಂಟೆಯೂ ಹೊಡೆಯಿತು. ಗಂಟು ಹೊತ್ತು ಬಿಸಿಲಲ್ಲಿ ನಿಂತೆ. ನಿಜಕ್ಕೂ ಅಳು ಬರುವಂತಾಗಿತ್ತು.

ಒಳಗೆ ಹೋಗಿದ್ದ ಅತ್ತೆ ತಿರುಗಿ ಬಂದರು. ಸೆರಗು ಸರಿಮಾಡಿಕೊಂಡು ಕಾವಲಿನವನಿಗೆ, “ಬಿಡಪಾ, ನಮ್ಮವ್ರ ಅದಾರ” ಎಂದರು. ಮದುವೆಯಾದಂದಿನಿಂದ ಅವರ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಹಾಳು ಆ್ಯಪಿಗೇ ಕೈಮುಗಿಯೋಣ ಎನಿಸಿತು.

ಕಾವಲಿನವನು, “ನಕ್ಕೀ ಕಾ, ಆಜೀ?” ಎಂದ. ಖಂಡಿತವೇ ಎಂದು ಅವನು ಕೇಳಿದ್ದು ಅತ್ತೆಗೆ ಅರ್ಥವಾಯಿತು. ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಆಮೇಲೆ, ಉತ್ತರ ಹೇಳುವ ಮೊದಲು, ರೊಟ್ಟಿಯ ಗಂಟನ್ನು ಮಾತ್ರ ನನ್ನ ಹೆಗಲಿನಿಂದ ಇಳಿಸಿ ಗೇಟಿನ ಒಳಗಿಟ್ಟುಕೊಂಡರು.