ದಾಸವಾಳದ ಲೋಳೆಯಲ್ಲಿ ನೆಲ ಒರೆಸಿದ್ದು

ಮಕ್ಕಳೇ, ನೆಲ ಒರೆಸುವುದರಲ್ಲಿ ನಾನು ಪಂಡಿತೆ ಎಂದು ಆ ಭಾನುವಾರದವರೆಗೂ ನಂಬಿದ್ದೆ. ನಮ್ಮೂರಿನ ಶಾಲೆಯಲ್ಲಿ ನನಗೆ ಬಹುಮಾನ ಬಂದದ್ದು ಒಂದೇ ಒಂದು ಸಲ. ಅದೂ ತರಗತಿ ಗುಡಿಸಿದ್ದಕ್ಕೆ!

ಆಗ ನಯನಾ ಅಂಬೆಗಾಲಿಡುತ್ತಿದ್ದಳು. ನಿಮ್ಮಲ್ಲಿ ಉಳಿದವರು ಇನ್ನೂ ಹುಟ್ಟಿರಲಿಲ್ಲ. ಹೊಸನಗರದ ಈ ಮನೆಗೆ ಆಗಷ್ಟೇ ಬಿಳಿ ಟೈಲ್ಸ್ ಹಾಕಿಸಿದ್ದರು. ನಾನು ದಿನಾ ಫಿನಾಯಿಲ್ ಹಾಕಿ ಒರೆಸುತ್ತಿದ್ದೆ. ಒಂದು ಮುಚ್ಚಳ ಸಾಕು ಎಂದು ಬಾಟಲಿಯ ಮೇಲೆ ಬರೆದಿತ್ತು. ಅಷ್ಟು ಜುಗ್ಗತನ ಮಾಡಿದರೆ ಮನೆಗೆ ಮರ್ಯಾದೆಯೇ? ನಾನು ಲೋಟದಲ್ಲಿ ಸುರಿಯುತ್ತಿದ್ದೆ.

ನಯನಾಳ ಇನ್ನೊಬ್ಬ ಅಜ್ಜಿ ಸರೋಜಮ್ಮ, ಅಂದರೆ ನನ್ನ ಬೀಗಿತ್ತಿ, ಒಂದು ದಿನ ತೀರ್ಥಹಳ್ಳಿಯಿಂದ ಬಂದವರು ಬಾಗಿಲಲ್ಲೇ ಸೀನಿದರು. ಒಳಗಿನಿಂದ ನಯನಾಳೂ ಸೀನಿದಳು. ಅಜ್ಜಿ, ಮೊಮ್ಮಗಳು ಒಂದೇ ರಾಗ.

“ಶಾರದಕ್ಕ, ಇದೆಂತ ಮನೆಯಾ, ಆಸ್ಪತ್ರೆಯಾ? ಮಗು ಈ ನೆಲದ ಮೇಲೆ ಕೈಯೂರಿ ಅದೇ ಕೈ ಬಾಯಿಗೆ ಹಾಕ್ತದೆ. ಬರೋ ಭಾನುವಾರ ಮತ್ತೆ ಬರ್ತೀನಿ. ಆಗಲೂ ಹಿಂಗೇ ಇದ್ರೆ ತಾಯಿ ಮಗು ಇಬ್ರನ್ನೂ ಕರ್ಕೊಂಡು ಹೋಗ್ತೀನಿ. ಮಳೆಗಾಲ ಮುಗಿಯೋ ತನಕ ಕಳ್ಸಲ್ಲ!”

ನಮ್ಮ ಕಡೆ ಮಳೆಗಾಲವೆಂದರೆ ಸಣ್ಣ ಅವಧಿಯೇ? ವಾಪಸು ಬರುವಷ್ಟರಲ್ಲಿ ಮಗು ನನ್ನ ಗುರುತೇ ಮರೆತಿರುತ್ತದೆ! ಹೇಳಲು ಬೇಕಾದಷ್ಟು ಮಾತಿತ್ತು. ಆದರೆ ಬೀಗಿತ್ತಿಯ ಎದುರು ನನಗೆ ಬಾಯಿ ಬರುವುದಿಲ್ಲ. “ಹ್ಞೂಂ” ಎಂದೆ.

ಫಿನಾಯಿಲ್ ಬಾಟಲಿಯನ್ನು ಅಂದೇ ಹಿತ್ತಲ ಶೆಡ್ಡಿಗೆ ಗಡೀಪಾರು ಮಾಡಿದೆ.

“ಬರೀ ಬಿಸಿನೀರಲ್ಲಿ ಒರೆಸಿದ್ರೆ ಸಾಕು ಅತ್ತೆ” ಎಂದಳು ಸೊಸೆ ಸುಮಾ, ಅಂದರೆ ನಯನಾಳ ಅಮ್ಮ.

“ಸುಮ್ನಿರು ಮಾರಾಯ್ತಿ. ನಿನ್ನ ಅಮ್ಮ ಬರೋ ದಿನ ಬರೀ ನೀರಾ?”

ಮೊದಲು ದೇವರ ದೀಪಗಳನ್ನು ಮುರುಗಲ ಹುಳಿಯ ಸಿಪ್ಪೆ ಹಾಕಿ ತಿಕ್ಕಿದೆ. ಫಳಫಳ! ಕನ್ನಡಿಯನ್ನು ಹಳೇ ಪೇಪರಿನಲ್ಲಿ ಒರೆಸಿದೆ. ಮುಖದ ಸುಕ್ಕುಗಳೆಲ್ಲ ಬೇರೆ ಬೇರೆಯಾಗಿ ಕಂಡವು. ಧೈರ್ಯ ಬಂತು. ಬರಬಾರದಿತ್ತು.

ಭಾನುವಾರ ಬೆಳಿಗ್ಗೆ ಬೀಗಿತ್ತಿಗೆಂದು ಹಪ್ಪಳ ಕರಿದೆ. ಅಡುಗೆಮನೆಯ ನೆಲವೆಲ್ಲ ಎಣ್ಣೆ ಜಿಡ್ಡು. ಆಗ ಹೊಳೆಯಿತು ನೋಡಿ! ಎಣ್ಣೆಸ್ನಾನದ ದಿನ ತಲೆಯ ಜಿಡ್ಡು ತೆಗೆಯುವುದು ಯಾವುದು? ದಾಸವಾಳದ ಸೊಪ್ಪಿನ ಲೋಳೆ. ತಲೆಯನ್ನು ಶುದ್ಧ ಮಾಡುವ ಸೊಪ್ಪಿಗೆ ನೆಲ ಯಾವ ಲೆಕ್ಕ? ಗಿಡದಲ್ಲಿದ್ದ ಸೊಪ್ಪನ್ನೆಲ್ಲ ಕೊಯ್ದು, ಕಿವುಚಿ, ಒಂದು ಬಕೆಟ್ ಹಸಿರು ಲೋಳೆ ಸಿದ್ಧಪಡಿಸಿದೆ. ಬಾಗಿಲಿನಿಂದ ಹಿಡಿದು ಒರೆಸುತ್ತ ಒರೆಸುತ್ತ ಹಿಂದೆ ಸರಿದು ಅಡುಗೆಮನೆ ತಲುಪಿದೆ. ಎಣ್ಣೆಸ್ನಾನದ ದಿನ ನಾವೆಲ್ಲ ಬಚ್ಚಲಲ್ಲಿ ಗೋಡೆ ಹಿಡಿದುಕೊಂಡೇ ನಡೆಯುವುದು ಯಾಕೆಂಬುದು ಮಾತ್ರ ನೆನಪಾಗಲಿಲ್ಲ.

ನೆಲ ಕೆರೆಯ ನೀರಿನಂತೆ ಹೊಳೆಯುತ್ತಿತ್ತು. ಹೆಮ್ಮೆಯಿಂದ ಮೊದಲ ಹೆಜ್ಜೆ ಇಟ್ಟೆ. ಎರಡನೆಯದನ್ನು ನಾನಿಡಲಿಲ್ಲ. ಅದೇ ಹೋಯಿತು! ಹೋಗಿ ಫ್ರಿಜ್ಜನ್ನು ತಬ್ಬಿಕೊಂಡೆ.

“ಅತ್ತೆ, ಎಂತ ಆಯ್ತು?” ಎಂದು ಓಡಿ ಬಂದ ಸುಮಾ ನಿಲ್ಲಲಾಗದೆ ಅದೇ ಫ್ರಿಜ್ಜನ್ನು ಇನ್ನೊಂದು ಕಡೆಯಿಂದ ತಬ್ಬಿಕೊಂಡಳು.

ಜಾರುವುದಕ್ಕೆ ಮದ್ದು ಬೂದಿ. ಕೈಗೆಟುಕುವಲ್ಲೇ ಪಾತ್ರೆ ತಿಕ್ಕುವ ಬೂದಿಯಿತ್ತು, ಎರಚಿದೆ. ಅದು ಲೋಳೆಯ ಜೊತೆ ಸೇರಿ ಅಂಬಲಿಯಾಯಿತು. ಲೋಳೆ ಹೋಗಲಿ ಎಂದು ಸೀಗೆಪುಡಿ ಎರಚಿದೆ. ಎಲ್ಲರಿಗೂ ಸೀನು ಶುರುವಾಯಿತು. ಗದ್ದಲ ಕೇಳಿ ಬಂದ ಮಗ ಗಿರೀಶ ಸೀನುತ್ತಲೇ ಜಾರಿ ಊಟದ ಮೇಜಿನ ಅಡಿಗೆ ಸೇರಿದ.

“ಅಮ್ಮಾ, ಮನೇಲಿ ಯಾರಾದ್ರೂ ಗದ್ದೆ ಹೂಡ್ತಾರಾ?” ಎಂದು ಅಲ್ಲಿಂದಲೇ ಕೂಗಿದ.

ಆ ಹೊತ್ತಿನಲ್ಲಿ ಮನೆಯಲ್ಲಿ ಸಲೀಸಾಗಿ ಓಡಾಡುತ್ತಿದ್ದವಳು ನಯನಾ ಒಬ್ಬಳೇ. ಮೈಯೆಲ್ಲ ಬೂದಿ ಬಳಿದುಕೊಂಡು, ಕೇಕೆ ಹಾಕುತ್ತ, ಸರ್ರನೆ ಹೋಗಿ ಸರ್ರನೆ ಬರುತ್ತಿದ್ದಳು. ಅವಳನ್ನು ಹಿಡಿಯಲು ಬೇರೆ ದಾರಿ ಕಾಣದೆ ನಾವು ಮೂವರೂ ಅಂಬೆಗಾಲಿಗೆ ಇಳಿದೆವು!

ಆಗ ಹೊರಗೆ ನೀರಿನ ಸದ್ದಾಯಿತು. ಬೀಗಿತ್ತಿ ಸಂಪ್ರದಾಯದಂತೆ ಕಾಲು ತೊಳೆದುಕೊಳ್ಳುತ್ತಿದ್ದರು! ಒದ್ದೆ ಕಾಲು, ಕೈಯಲ್ಲಿ ಬಾಳೆಹಣ್ಣಿನ ಚೀಲ. ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿದರು.

“ಎಂತ ಮಾಡ್ತಿದ್ದೀರಿ ಎಲ್ರೂ?”

ನಾನು ಹೇಳಬೇಕಾದದ್ದು ಒಂದೇ ಮಾತು: ಒಳಗೆ ಬರಬೇಡಿ. ಆದರೆ ಮನೆ ಬಾಗಿಲಿಗೆ ಬಂದ ಬೀಗಿತ್ತಿಗೆ ಹಾಗೆನ್ನುವುದುಂಟೇ? ಕೊನೆಗೆ ಜನ್ಮದ ಅಭ್ಯಾಸವೇ ಗೆದ್ದಿತು.

“ಬನ್ನಿ, ಒಳಗೆ ಬನ್ನಿ!” ಎಂದೆ.

ಬಂದರು. ನಮ್ಮನ್ನೆಲ್ಲ ದಾಟಿಕೊಂಡು, ಬಾಳೆಹಣ್ಣು ಒಂದು ಕಡೆ, ತಾವು ಒಂದು ಕಡೆಯಾಗಿ, ನೇರ ದೇವರ ಕೋಣೆಯ ಹೊಸ್ತಿಲವರೆಗೂ ಬಂದರು. ಫಳಫಳ ಹೊಳೆಯುವ ದೀಪಗಳ ಮುಂದೆ ಕುಳಿತೇಬಿಟ್ಟರು. ನಯನಾ ಚಪ್ಪಾಳೆ ತಟ್ಟಿದಳು.

ಪಾದ ಉಳುಕಿತ್ತು. ಊತ ಇಳಿಯುವವರೆಗೆ ಬಸ್ಸು ಹತ್ತಬಾರದೆಂದರು ಡಾಕ್ಟರು. ಊತ ಇಳಿಯುವಾಗ ಮಳೆ ಹಿಡಿಯಿತು. “ಈ ಮಳೇಲಿ ಎಲ್ಲಿಗೆ ಹೋಗೋದು” ಎಂದರು ಬೀಗಿತ್ತಿ. ಅಂತೂ ಮಗು ಎಲ್ಲಿಗೂ ಹೋಗಲಿಲ್ಲ. ನಾನು ಗೆದ್ದೆ! ಮಗುವಿನ ಜೊತೆಗೆ ಬೀಗಿತ್ತಿಯೂ ಮಳೆಗಾಲವಿಡೀ ಉಳಿದರು, ಅಷ್ಟೇ.

ದಿನಾ ಬೆಳಿಗ್ಗೆ ಅವರು ಕುರ್ಚಿಯಲ್ಲಿ ಕೂತು ಗಿರೀಶನ ಕೈಯಲ್ಲಿ ಬರೀ ಬಿಸಿನೀರಿನಿಂದ ನೆಲ ಒರೆಸಿಸುತ್ತಿದ್ದರು. ಮಗು ಒಂದು ಸಲವೂ ಸೀನಲಿಲ್ಲ.

“ಇಷ್ಟು ಸಾಕಿತ್ತಲ್ಲ ಶಾರದಕ್ಕ?”

“ಹ್ಞೂಂ.”

ಗಿಡ ಮತ್ತೆ ಚಿಗುರಿದ ಮೇಲೆ ದಾಸವಾಳದ ಲೋಳೆಯನ್ನು ಅವರ ತಲೆಗೇ ಹಾಕಿ ತಿಕ್ಕಿಕೊಟ್ಟೆ. ಕೂದಲು ರೇಷ್ಮೆಯಂತಾಯಿತೆಂದು ತೀರ್ಥಹಳ್ಳಿಯಲ್ಲೆಲ್ಲ ನನ್ನನ್ನು ಹೊಗಳಿದರಂತೆ. ಆದರೂ ಇವತ್ತಿಗೂ ಬೀಗಿತ್ತಿ ಬಂದರೆ ಕಾಲು ತೊಳೆದು, ಚೆನ್ನಾಗಿ ಒರೆಸಿಕೊಂಡು, ಬಾಗಿಲಲ್ಲಿ ನಿಂತು ಹೆಬ್ಬೆರಳಿನಿಂದ ಮೊದಲು ನೆಲವನ್ನು ಮುಟ್ಟಿ ನೋಡುತ್ತಾರೆ.

“ಬನ್ನಿ, ಒಳಗೆ ಬನ್ನಿ” ಎನ್ನುತ್ತೇನೆ ನಾನು.

ಅವರು ಅಲ್ಲಾಡುವುದಿಲ್ಲ. ಸುಮಾ ಬಂದು ಹೇಳುವವರೆಗೂ ಕಾಯುತ್ತಾರೆ.